ಸಮಯವಿಲ್ಲದವರ ಪರೀಕ್ಷೆ

ಶಿವಮೊಗ್ಗ ನಗರದಲ್ಲಿ ‘ಸವಳಂಗ ರಸ್ತೆ’ಯ ಹೆಸರು ಕೇಳದವರು ವಿರಳ. ಆ ರಸ್ತೆ ಹಿಡಿದು ಬಂದರೆ ಸಿಗುವ ಸವಳಂಗಕ್ಕೆ ನಿವೃತ್ತಿಯ ನಂತರ ನಾನು ಮರಳಿದೆ. ನಮ್ಮ ಊರು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದೆ. ಆದರೂ ಕಾಲೇಜಿಗೆಂದು ಇಲ್ಲಿನ ಅನೇಕ ಮಕ್ಕಳು ಹತ್ತುವುದು ಶಿವಮೊಗ್ಗದ ಬಸ್ಸನ್ನೇ. ಹಾಗೆ ದಿನವೂ ಹೋಗಿಬರುತ್ತಿದ್ದ ದ್ವಿತೀಯ ಪಿಯು ವಿಜ್ಞಾನದ ಹುಡುಗಿಯೊಬ್ಬಳು ಡಿಸೆಂಬರಿನ ಒಂದು ಸಂಜೆ ಮನೆಗೆ ಬಂದು, ‘ಸಿಇಟಿಗೆ ಹೇಗೆ ಓದಬೇಕು ಸರ್?’ ಎಂದು ಕೇಳಿದಳು.

ಆಡಳಿತದಲ್ಲಿ ಮೂರು ದಶಕ ಕಳೆದವನಿಗೆ ಯೋಜನೆ ಹಾಕುವುದು ಅಂಟಿಕೊಂಡ ಚಟ. ದಿನಕ್ಕೆ ಐದು ಗಂಟೆಯ ವೇಳಾಪಟ್ಟಿಯೊಂದನ್ನು ಅಂದವಾಗಿ ಬರೆದುಕೊಟ್ಟೆ. ವಾರದ ನಂತರ ಅವಳು ಅದನ್ನು ಹಿಂದಿರುಗಿಸಿದಳು. ‘ಇಷ್ಟೆಲ್ಲ ಓದೋದಕ್ಕೆ ನಂಗೆ ರಾತ್ರಿ ಎಲ್ಲೈತೆ ಸರ್?’ ಅದು ಅಡಿಕೆ ಸುಲಿಯುವ ಕಾಲ. ಬಸ್ಸಿಳಿದು ಬಂದವಳು ತಾಯಿಯ ಜೊತೆ ಸುಲಿಯಲು ಕೂರಬೇಕು. ಊಟ ಮುಗಿದ ಮೇಲೆ ಉಳಿಯುತ್ತಿದ್ದುದು ಒಂದೂವರೆ ಗಂಟೆ. ಏಪ್ರಿಲ್‌ವರೆಗೆ ಲೆಕ್ಕ ಹಾಕಿದರೆ ಸುಮಾರು ನೂರೈವತ್ತು ಗಂಟೆ.

ಎಂ.ಎ.ಯಲ್ಲಿ ಓದಿದ ಅರ್ಥಶಾಸ್ತ್ರ ಆಗ ನೆನಪಾಯಿತು. ಕೊರತೆಯ ಸಂಪನ್ಮೂಲವನ್ನು ಎಲ್ಲೆಡೆ ಸಮನಾಗಿ ಚೆಲ್ಲಬಾರದು. ಮುಂದಿನ ಒಂದು ಗಂಟೆಯ ಪ್ರತಿಫಲ ಎಲ್ಲಿ ಹೆಚ್ಚೋ ಅಲ್ಲಿ ಹಾಕಬೇಕು. ಚೆನ್ನಾಗಿ ಬರುವ ಅಧ್ಯಾಯವನ್ನು ಮತ್ತೆ ಓದಿದರೆ ಮನಸ್ಸಿಗೆ ಹಿತ, ಅಂಕಕ್ಕೆ ಲಾಭವಿಲ್ಲ. ಏನೇನೂ ತಿಳಿಯದ ದೊಡ್ಡ ಅಧ್ಯಾಯ ವಾರವನ್ನೇ ನುಂಗುತ್ತದೆ. ಲಾಭವಿರುವುದು ಅರ್ಧ ತಿಳಿದ ಅಧ್ಯಾಯಗಳಲ್ಲಿ. ಅವು ಯಾವುವೆಂದು ಪರೀಕ್ಷೆ ಬರೆಯದೆ ಗೊತ್ತಾಗುವುದಿಲ್ಲ.

ಆದ್ದರಿಂದ ಓದುವುದಕ್ಕೆ ಮೊದಲೇ ಎರಡು ಭಾನುವಾರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆಸಿದೆ. ಎಂಜಿನಿಯರಿಂಗ್ ಆಕಾಂಕ್ಷಿಗಳಿಗೆ ಸಿಇಟಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಎಂಬ ಮೂರು ವಿಷಯಗಳು. ಒಂದೊಂದಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡು. ಅವಳಿಗೆ 180ಕ್ಕೆ 71 ಬಂತು. ಕಳೆದುಹೋದ 109 ಅಂಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ವಿಂಗಡಿಸಿದೆವು. ವಿಷಯವೇ ತಿಳಿಯದವು 46. ಕಲಿತಿದ್ದರೂ ಸೂತ್ರ ನೆನಪಿಗೆ ಬಾರದವು 35. ಪ್ರಶ್ನೆ ತಪ್ಪಾಗಿ ಓದಿದ್ದು, ಲೆಕ್ಕದ ಅವಸರ 11. ಸಮಯ ಸಾಲದೆ ಖಾಲಿ ಬಿಟ್ಟವು 17. ‘ನಾನು ದಡ್ಡಿ’ ಎಂದುಕೊಂಡು ಬಂದಿದ್ದವಳು ಆ ಪುಟವನ್ನು ಬಹಳ ಹೊತ್ತು ನೋಡಿದಳು.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೂ ಆ ಹದಿನೇಳರಲ್ಲಿ ಸರಾಸರಿ ನಾಲ್ಕು ಸರಿಯಾಗುತ್ತವೆ. ಖಾಲಿ ಬಿಡುವುದು ನಷ್ಟವೇ. ನೀಟ್‌ನಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅಲ್ಲಿ ಕುರುಡು ಊಹೆಯ ಸರಾಸರಿ ಲಾಭ ಕಾಲು ಅಂಕ ಮಾತ್ರ. ಒಂದು ಆಯ್ಕೆ ತಪ್ಪೆಂದು ಖಚಿತವಾದರೆ ಅದು ಮೂರನೇ ಎರಡು ಅಂಕಕ್ಕೇರುತ್ತದೆ. ಇಂಥ ಸರಳ ಲೆಕ್ಕವನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವವರಿಲ್ಲ.

ಉಳಿದದ್ದು ನೆನಪಿನ ಪ್ರಶ್ನೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗ ಇನ್ನೂ ಕುತೂಹಲಕರ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದಿಕ್ಕಿದರು. ಹಾಗಾಗಿ ಅವಳ ತೊಂಬತ್ತು ನಿಮಿಷಗಳನ್ನು ಮೂರು ಭಾಗ ಮಾಡಿದೆವು. ನಿನ್ನೆಯದನ್ನು ಪುಸ್ತಕ ಮುಚ್ಚಿ ಬರೆಯುವುದು. ಅರ್ಧ ತಿಳಿದ ಒಂದು ಭಾಗವನ್ನು ಪಠ್ಯಪುಸ್ತಕದಿಂದಲೇ ಕಲಿಯುವುದು. ಅದೇ ಭಾಗದ ಹಳೆಯ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು. ಎಂಜಿನಿಯರಿಂಗ್ ರ್‍ಯಾಂಕಿನಲ್ಲಿ ಪಿಯು ಅಂಕಗಳಿಗೂ ಅರ್ಧ ಪಾಲಿರುವುದರಿಂದ ಪಠ್ಯಪುಸ್ತಕಕ್ಕೆ ಕೊಟ್ಟ ಸಮಯ ಎರಡೂ ಕಡೆ ಫಲ ಕೊಡುತ್ತದೆ. ಸುಲಿಯುವಾಗ ಕೈಗಳಿಗಷ್ಟೇ ಕೆಲಸ. ಆಗ ಸೂತ್ರಗಳನ್ನು ತಮ್ಮನಿಗೆ ಒಪ್ಪಿಸುವ ಉಪಾಯವನ್ನು ಅವಳೇ ಕಂಡುಕೊಂಡಳು.

ಏಪ್ರಿಲ್‌ನಲ್ಲಿ ಅವಳಿಗೆ 98 ಅಂಕ ಬಂದವು. ಸರ್ಕಾರಿ ಕೋಟಾದ ಸೀಟು ಸಿಕ್ಕಿತು; ಬಯಸಿದ ವಿಭಾಗ ಸಿಗಲಿಲ್ಲ. ಇದನ್ನು ಸಾಧನೆಯ ಕಥೆಯೆಂದು ಮೆರೆಸಲು ನನಗೆ ಸಂಕೋಚ. ವಸತಿ ಕಾಲೇಜಿನಲ್ಲಿದ್ದು ದಿನವಿಡೀ ಓದುವವರೊಡನೆ ಅವಳು ಒಂದೇ ರ್‍ಯಾಂಕ್ ಪಟ್ಟಿಯಲ್ಲಿ ನಿಲ್ಲಬೇಕು. ಆ ನೋಟ್‌ಬುಕ್ಕು ಸಮಯವನ್ನು ಪೋಲಾಗದಂತೆ ಕಾಯಿತೇ ವಿನಾ, ಇಲ್ಲದ ಸಮಯವನ್ನು ತಂದುಕೊಡಲಿಲ್ಲ.

1994ರಲ್ಲಿ ಸಿಇಟಿ ಬಂದಾಗ, ಹಣ ಮತ್ತು ಪ್ರಭಾವದ ಹಿಡಿತದಿಂದ ಸೀಟುಗಳು ಬಿಡುಗಡೆಯಾಗುತ್ತವೆ ಎಂದು ಸಂತಸಪಟ್ಟವರಲ್ಲಿ ನಾನೂ ಒಬ್ಬ. ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಾತಿಯೂ ಇದೆ. ಆದರೆ ಸಮಯದ ಬಡತನವನ್ನು ಯಾವ ಅರ್ಜಿಯ ಅಂಕಣವೂ ಕೇಳುವುದಿಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಐವತ್ತನ್ನು ಮೌಲ್ಯಮಾಪನದಿಂದಲೇ ಕೈಬಿಡಬೇಕಾಯಿತು. ಅಂಥ ಪ್ರಶ್ನೆಯ ಮುಂದೆ ಕಳೆದ ನಿಮಿಷಗಳನ್ನು ಯಾವ ಆದೇಶ ಹಿಂದಿರುಗಿಸೀತು? ಪಠ್ಯಪುಸ್ತಕವೊಂದನ್ನೇ ನಂಬಿ ಕುಳಿತವರಿಗೆ ಆ ಪೆಟ್ಟು ಹೆಚ್ಚು.

ಮಾಡಬಹುದಾದದ್ದು ದುಬಾರಿಯೇನಲ್ಲ. ಪಂಚಾಯಿತಿ ಗ್ರಂಥಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರಲಿ. ಹತ್ತು ವರ್ಷಗಳ ಪ್ರಶ್ನೆಪತ್ರಿಕೆಗಳು ಉತ್ತರ ವಿವರಣೆಯೊಂದಿಗೆ ಕನ್ನಡದಲ್ಲೂ ಅಲ್ಲಿರಲಿ. ನನ್ನಂಥ ನಿವೃತ್ತರು ವಾರಕ್ಕೊಂದು ಸಂಜೆ ಅಲ್ಲಿ ಕುಳಿತುಕೊಳ್ಳಲಿ. ಪಿಂಚಣಿದಾರರ ಬಳಿ ಧಾರಾಳವಾಗಿ ಇರುವುದು ಸಮಯವೊಂದೇ ತಾನೇ.

ಕಾಲೇಜಿಗೆ ಹೊರಡುವ ಮುನ್ನ ಆ ಹುಡುಗಿ ತಪ್ಪುಗಳ ನೋಟ್‌ಬುಕ್ಕನ್ನು ನನಗೆ ಕೊಡಲು ಬಂದಳು. ತಮ್ಮನಿಗೆ ಇಟ್ಟುಕೊಳ್ಳೆಂದೆ. ‘ಅವನ ತಪ್ಪು ಬೇರೆ ಇರ್ತಾವೆ ಸರ್’ ಎಂದಳು. ಅವಳು ಪಾಠವನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು.