ಚಕ್‌ನಲ್ಲಿ ದುಂಡು, ಕೈಗೆ ಬಂದರೆ ಮೂರು ಮೂಲೆ

ಭೋಸರಿ ಎಂಐಡಿಸಿಯಲ್ಲಿ ನನ್ನ ಸೋದರಮಾವನದೊಂದು ಸಣ್ಣ ವರ್ಕ್‌ಶಾಪ್ ಇದೆ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇತ್ ಕೆಲಸ ಕಲಿತು ಪುಣೆಗೆ ಬಂದವರು. ಹಿಂಜೆವಾಡಿಯಲ್ಲಿ ಕೋಡ್ ಬರೆಯುವ ನಾನು ಅಲ್ಲಿಗೆ ಹೋಗುವುದು ಆಯುಧಪೂಜೆಗಷ್ಟೇ. ಕಳೆದ ಬೇಸಿಗೆಯಲ್ಲಿ ಮಾತ್ರ ಅವರೇ ಫೋನ್ ಮಾಡಿ ಕರೆದರು.

ಒಬ್ಬ ಗಿರಾಕಿ 200 ಉಕ್ಕಿನ ರಿಂಗುಗಳನ್ನು ವಾಪಸ್ ಕಳಿಸಿದ್ದ. ಒಳವ್ಯಾಸ 80 ಮಿ.ಮೀ., ಗೋಡೆಯ ದಪ್ಪ ಬರೀ 3 ಮಿ.ಮೀ. ಅವನ ಪ್ಲಗ್ ಗೇಜ್ ಒಳಗೆ ಇಳಿಯುತ್ತಿಲ್ಲ. ಮಾವನ ಬೋರ್ ಗೇಜಿನಲ್ಲಿ ಯಾವ ದಿಕ್ಕಿನಿಂದ ಅಳೆದರೂ ಅಳತೆ ಸರಿ. ಬಿಲ್ ನಿಂತಿತ್ತು, ನಾಲ್ವರು ಹುಡುಗರ ಪಗಾರ ಅದರಲ್ಲೇ ಇತ್ತು.

"ಕಂಪ್ಯೂಟರ್ ಓದೀಯಲ್ಲ, ಹೇಳು ತಮ್ಮಾ, ಯಾರ ಗೇಜ್ ಸುಳ್ಳು ಹೇಳಾಕತ್ತೈತಿ?" ಅಂದರು. ನನಗೇನು ಗೊತ್ತು!

ಗುಟ್ಟು ಬಿಡಿಸಿದ್ದು ಪಕ್ಕದ ಶೆಡ್ಡಿನ ಹಿರಿಯ ಆಪರೇಟರ್. ಎರಡೂ ಗೇಜು ನಿಜವನ್ನೇ ಹೇಳುತ್ತಿದ್ದವು. ಚಕ್ಕಿನ ಮೂರು ಜಾಗಳು ತೆಳು ರಿಂಗನ್ನು ಮೂರು ಕಡೆ ಒಳಕ್ಕೆ ಒತ್ತುತ್ತವೆ; ನಡುವಿನ ಮೂರು ಜಾಗಗಳು ಹೊರಕ್ಕೆ ಉಬ್ಬುತ್ತವೆ. ಆ ಸ್ಥಿತಿಯಲ್ಲೇ ಟೂಲ್ ಒಳಗನ್ನು ದುಂಡಾಗಿ ಕೊರೆಯುತ್ತದೆ. ಚಕ್ ಸಡಿಲಿಸಿದೊಡನೆ ಉಕ್ಕು ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ: ಒತ್ತಿದ್ದ ಕಡೆ ಹೊರಕ್ಕೆ, ಉಬ್ಬಿದ್ದ ಕಡೆ ಒಳಕ್ಕೆ. ಈಗ ಪ್ರತಿ ಉಬ್ಬಿನ ಎದುರಿಗೆ ಒಂದು ತಗ್ಗು. ಹೆಚ್ಚಾದದ್ದೂ ಕಡಿಮೆಯಾದದ್ದೂ ಕೂಡಿ ಎರಡು ಬಿಂದುಗಳ ಅಳತೆ ಎಲ್ಲ ಕಡೆ ಒಂದೇ! ದುಂಡನೆಯ ಪ್ಲಗ್ ಮಾತ್ರ ತಗ್ಗುಗಳಿಗೆ ತಾಗಿ ನಿಲ್ಲುತ್ತದೆ. ಮೂರು ಬಿಂದುಗಳ ಮೈಕ್ರೋಮೀಟರ್ ಹಾಕಿ ತಿರುಗಿಸಿದಾಗ ಮುಳ್ಳೂ ಆಡಿತು.

'ನನ್ನ ಮಷಿನ್‌ನಲ್ಲಿ ಓಡ್ತಾ ಇದೆಯಲ್ಲ' ಅಂತ ಟೆಸ್ಟರ್ ಹತ್ತಿರ ನಾನೂ ಎಷ್ಟು ಸಲ ಜಗಳ ಆಡಿದ್ದೇನೋ.

ದಪ್ಪ ಕೆಲಸದಲ್ಲಿ ಇದೆಲ್ಲ ಕಾಣುವುದೇ ಇಲ್ಲ. ಗೋಡೆಯ ದಪ್ಪ ಅರ್ಧಕ್ಕೆ ಇಳಿದರೆ ಅದೇ ಒತ್ತಡಕ್ಕೆ ಬಾಗುವುದು ಎರಡು ಪಟ್ಟಲ್ಲ, ಸುಮಾರು ಎಂಟು ಪಟ್ಟು. ತಗಡು ಬಗ್ಗಿಸುವವರಿಗೂ ಇದೇ ಕಾಟ: 90 ಡಿಗ್ರಿಗೆ ಮಡಚಿ ಬಿಟ್ಟರೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಸ್ಟೇನ್‌ಲೆಸ್ ಇನ್ನೂ ಹೆಚ್ಚು. ಅದಕ್ಕೇ ಮೊದಲೇ ಒಂದೆರಡು ಡಿಗ್ರಿ ಜಾಸ್ತಿ ಮಡಚುತ್ತಾರೆ. ಬಿಸಿಯ ಲೆಕ್ಕ ಬೇರೆ. ಆಗಷ್ಟೇ ಕೊರೆದ ರಿಂಗ್ ಗೇಜಿಗಿಂತ 10 ಡಿಗ್ರಿ ಬಿಸಿಯಿದ್ದರೆ 80 ಮಿ.ಮೀ.ಗೆ ಸುಮಾರು 9 ಮೈಕ್ರಾನ್ ತಪ್ಪು ತೋರಿಸುತ್ತದೆ.

ಮಾವ ಈಗ ರಿಂಗಿನ ಹೊರವ್ಯಾಸಕ್ಕೇ ಕೊರೆದ ಮೆತ್ತನೆ ಜಾಗಳನ್ನು ಹಾಕುತ್ತಾರೆ. ಅವು ಮೂರು ಕಡೆ ಚುಚ್ಚದೆ ಸುತ್ತಲೂ ಅಪ್ಪಿಕೊಳ್ಳುತ್ತವೆ. ಮೊದಲು ಒರಟಾಗಿ ಕೊರೆದು, ಚಕ್ ಬಿಚ್ಚಿ, ತಣ್ಣಗಾದ ಮೇಲೆ ಹಗುರಾಗಿ ಹಿಡಿದು ಕೊನೆಯ ಕಟ್. ಒಂದೊಂದು ರಿಂಗಿಗೂ ಹೆಚ್ಚು ಹೊತ್ತು ಬೇಕು. ಆ ಹೊತ್ತಿಗೆ ದುಡ್ಡು ಕೇಳಿದರೆ ಗಿರಾಕಿ ಕೊಡುವುದಿಲ್ಲ. ಅದು ಬೇರೆ ಕಥೆ.

ವಾಪಸ್ ಬಂದ 200ರಲ್ಲಿ ಮತ್ತೆ ಕೊರೆದು ಉಳಿಸಿಕೊಂಡದ್ದು 140. ಮಿಕ್ಕವು ಭಂಗಾರಿಗೆ ಹೋದವು. ಬಿಲ್ ಮುಂದಿನ ತಿಂಗಳು ಬಂತು, ಅರವತ್ತರ ದುಡ್ಡು ಮುರಿದುಕೊಂಡು.