ಗೂಡಿನ ಹಳದಿ ಹಳದಿಯಾಗಿಯೇ ಇರಲಿ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಬಣ್ಣಕ್ಕೆ ಅರ್ಥವಿದೆ. ಮಿಶ್ರತಳಿಯ ಗೂಡು ಹಸಿರು ಬೆರೆತ ಹಳದಿ, ದ್ವಿತಳಿಯದು ಅಚ್ಚ ಬಿಳಿ. ಹಳದಿ ಗೂಡಿನ ರಾಶಿಯೊಂದನ್ನು ಚೌಕಟ್ಟು ತುಂಬುವಂತೆ ಮೊಬೈಲ್‌ನಲ್ಲಿ ಹಿಡಿದು ನೋಡಿ, ಎಷ್ಟೋ ಸಲ ಅದು ಬಿಳಿಚಿಕೊಂಡಿರುತ್ತದೆ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಗೂಡಿನ ಹಳದಿಯನ್ನು ದೀಪದ ಹಳದಿಯೆಂದು ಭಾವಿಸಿ ಕಳೆದುಬಿಡುತ್ತದೆ. ಮಿಶ್ರತಳಿ ಚಿತ್ರದಲ್ಲಿ ದ್ವಿತಳಿಯಾಗುವುದು ಹೀಗೆ.

ಸ್ಟುಡಿಯೋದವರು ಕಲರ್ ಕರೆಕ್ಷನ್ ಎಂದು ಕರೆಯುವ ಕಸುಬಿನ ಮೊದಲ ಹೆಜ್ಜೆಯೇ ಈ ವೈಟ್ ಬ್ಯಾಲೆನ್ಸ್. ಚಿತ್ರದೊಳಗೆ ಬಿಳಿ ಅಥವಾ ಬೂದು ಎಂದು ಖಾತ್ರಿಯಿರುವ ಜಾಗವೊಂದನ್ನು ಹುಡುಕಿ, ಐಡ್ರಾಪರ್‌ನಿಂದ ಅದರ ಮೇಲೆ ಒತ್ತಿದರೆ ಉಳಿದ ಬಣ್ಣಗಳೆಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಅದಕ್ಕೆಂದು ಪಂಚೆ, ಅಂಗಿಗಳನ್ನು ನೆಚ್ಚಿಕೊಳ್ಳಬಾರದು. ನೀಲಿ ಹಾಕಿ ಒಗೆದ ಬಟ್ಟೆಯ ಮೇಲೆ ಒತ್ತಿದರೆ ಇಡೀ ಚಿತ್ರ ಹಳದಿಗೆ ತಿರುಗುತ್ತದೆ. ಬೂದು ಬಣ್ಣದ ಕಾರ್ಡೊಂದನ್ನು ಪಕ್ಕದಲ್ಲಿಟ್ಟು ಅದೇ ಬೆಳಕಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಊಹೆಯ ಕೆಲಸವೇ ಇಲ್ಲ.

ಎರಡನೆಯದು ಕಾಂಟ್ರಾಸ್ಟ್. ಇದನ್ನು ಕಲಿಯಲು ನಂದಿಬೆಟ್ಟದ ಬೆಳಗಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮಂಜಿನ ಚಿತ್ರದಲ್ಲಿ ಕಡುಗಪ್ಪು ಇರುವುದಿಲ್ಲ, ಹಾಗಾಗಿ ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಒಂದೇ ಕಡೆ ಗುಡ್ಡೆ ಬಿದ್ದಿರುತ್ತದೆ. ಹೊಸಬರು ಲೆವೆಲ್ಸ್ ಎಂಬ ಸಲಕರಣೆ ತೆರೆದು ಅದನ್ನು ಎರಡು ತುದಿಗೂ ಎಳೆಯುತ್ತಾರೆ. ಮಂಜು ಹರಿದುಹೋಗಿ, ಕಣಿವೆ ಕೊಳಕು ಹೊಗೆ ತುಂಬಿದಂತೆ ಕಾಣುತ್ತದೆ. ಆ ಬೆಳಗಿನ ಸೊಗಸೇ ಕಡಿಮೆ ಕಾಂಟ್ರಾಸ್ಟಿನಲ್ಲಿದೆ. ಕರ್ವ್ಸ್ ಎಂಬ ಸಲಕರಣೆಯ ಗೆರೆಯ ಕೆಳತುದಿಯನ್ನು ಮಾತ್ರ ತುಸು ಜಗ್ಗಿ ಹತ್ತಿರದ ಬಂಡೆ, ಮರಗಳಿಗೆ ಗಟ್ಟಿತನ ಕೊಟ್ಟು, ಮೇಲಿನ ಬೆಳಕನ್ನು ಮುಟ್ಟದೆ ಬಿಟ್ಟರೆ ಮಂಜು ಮಂಜಾಗಿಯೇ ಉಳಿಯುತ್ತದೆ. ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಾಲಯದೊಳಗಿನ ಕಪ್ಪು ಕಂಬಗಳ ಕಥೆ ಬೇರೆ. ಅಲ್ಲಿ ನೆರಳನ್ನು ಸ್ವಲ್ಪ ತೆರೆದರೆ ಕೆತ್ತನೆ ಕಾಣುತ್ತದೆ, ಅತಿಯಾಗಿ ತೆರೆದರೆ ಕಲ್ಲಿನ ಮೈಮೇಲೆಲ್ಲ ನಾಯ್ಸ್ ಎಂಬ ಚುಕ್ಕೆಗಳ ಕಲಬೆರಕೆ ಎದ್ದು ನಿಲ್ಲುತ್ತದೆ.

ಚಿಂತಾಮಣಿಯ ಟೊಮೆಟೊ ಮಾರುಕಟ್ಟೆ ಸ್ಯಾಚುರೇಷನ್ನಿನ, ಅಂದರೆ ಬಣ್ಣದ ಗಾಢತೆಯ, ಪಾಠ ಹೇಳುತ್ತದೆ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ 256 ಮೆಟ್ಟಿಲು ಮಾತ್ರ. ಬಿಸಿಲಲ್ಲಿರುವ ಟೊಮೆಟೊದ ಕೆಂಪು ಆಗಲೇ ಮೇಲಿನ ಮೆಟ್ಟಿಲ ಹತ್ತಿರ ಇರುತ್ತದೆ. ಸ್ಯಾಚುರೇಷನ್ ಇನ್ನೂ ತಳ್ಳಿದರೆ ಹಣ್ಣಿನ ಹೊಳಪು, ದುಂಡುತನ ಎಲ್ಲ ಅಳಿಸಿ, ಕೆಂಪು ಬಣ್ಣ ಬಳಿದ ತಟ್ಟೆಯಂತಾಗುತ್ತದೆ. ಚಿಕ್ಕಬಳ್ಳಾಪುರದ ಚೆಂಡುಹೂವಿನ ಎಸಳುಗಳು ಕಲಸಿಹೋಗುವುದೂ ಇದರಿಂದಲೇ. ಕೆಂಪು ಹೆಚ್ಚಿಸುವ ಬದಲು ಪಕ್ಕದ ಹಸಿರನ್ನು ಒಂದಿಷ್ಟು ತಗ್ಗಿಸಿದರೆ ಹಣ್ಣು ತಾನಾಗಿಯೇ ಎದ್ದು ಕಾಣುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ 14 ಬಿಟ್ಟಿನ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳಿರುವುದರಿಂದ ತಿದ್ದುವವರು ಮೊದಲು ಕೇಳುವುದು ಅದನ್ನೇ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸುವುದು ಮೈಬಣ್ಣ. ನಮ್ಮ ಮದುವೆ ಆಲ್ಬಮ್‌ಗಳಲ್ಲಿ ‘ಹುಡುಗಿಯನ್ನು ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಬೇಡಿಕೆ ಇಂದಿಗೂ ನಿಂತಿಲ್ಲ. ಅದು ಕರೆಕ್ಷನ್ ಅಲ್ಲ, ಅವಳ ಮುಖವನ್ನೇ ಅವಳಿಂದ ಕಸಿದುಕೊಳ್ಳುವ ಕೆಲಸ. ಅರಿಶಿನ ಶಾಸ್ತ್ರದ ಚಿತ್ರಗಳನ್ನು ಗಮನಿಸಿ: ಚರ್ಮವನ್ನು ಬಿಳುಪಾಗಿಸಿದಾಗ ಕೆನ್ನೆಯ ಅರಿಶಿನವೂ ಮಾಸುತ್ತದೆ, ಶಾಸ್ತ್ರದ ಗುರುತೇ ಇಲ್ಲವಾಗುತ್ತದೆ. ಬಣ್ಣಕ್ಕೆ ಜೀವ ಬರಬೇಕಿದ್ದರೆ ವೈಬ್ರೆನ್ಸ್ ಬಳಸಬಹುದು, ಅದು ಮಂಕಾದ ಬಣ್ಣಗಳನ್ನಷ್ಟೇ ಎತ್ತಿ ಚರ್ಮವನ್ನು ಹೆಚ್ಚು ಮುಟ್ಟುವುದಿಲ್ಲ.

ಬಣ್ಣವನ್ನು ಪೂರ್ತಿಯಾಗಿ ಮನುಷ್ಯರೇ ಆರಿಸುವ ಪ್ರಸಂಗವೂ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಗೌರಿಬಿದನೂರಿನ ರೇಡಿಯೊ ಹೀಲಿಯೊಗ್ರಾಫ್ ಎಂಬ ದೂರದರ್ಶಕ 1997ರಿಂದ ಸೂರ್ಯನ ಹೊರಾವರಣವಾದ ಕರೋನಾವನ್ನು ರೇಡಿಯೊ ಅಲೆಗಳಲ್ಲಿ ಗಮನಿಸುತ್ತಿದೆ. ರೇಡಿಯೊ ಅಲೆಗೆ ಕಣ್ಣಿಗೆ ಕಾಣುವ ಬಣ್ಣವಿಲ್ಲ. ಇಂಥ ಚಿತ್ರಗಳಲ್ಲಿ ಕಾಣುವ ಕೆಂಪು, ನೀಲಿಗಳು ಅಲೆಯ ತೀವ್ರತೆಯನ್ನು ತೋರಿಸಲು ವಿಜ್ಞಾನಿಗಳು ಕೊಟ್ಟವು. ಯಾವ ಬಣ್ಣಕ್ಕೆ ಎಷ್ಟು ತೀವ್ರತೆ ಎಂಬ ಪಟ್ಟಿಯನ್ನು ಚಿತ್ರದ ಬದಿಯಲ್ಲೇ ಕೊಡುವ ರೂಢಿಯಿದೆ. ಆ ಪ್ರಾಮಾಣಿಕತೆ ಎಲ್ಲ ಚಿತ್ರಕ್ಕೂ ಬೇಕು.

ಥಾಮಸ್ ಮತ್ತು ಜಾನ್ ನೋಲ್ ಸೋದರರ ಫೋಟೋಶಾಪ್ 1990ರಲ್ಲಿ ಬಂದಾಗ ಈ ಸಲಕರಣೆಗಳು ಕೆಲವೇ ಜನರ ಕೈಯಲ್ಲಿದ್ದವು. ಈಗ ಸ್ನ್ಯಾಪ್‌ಸೀಡ್ ಜೇಬಿನಲ್ಲಿದೆ, ಗಿಂಪ್ ಪುಕ್ಕಟೆ ಸಿಗುತ್ತದೆ. ನೀವೂ ತಿದ್ದಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ತಿದ್ದಿದ್ದನ್ನು ಮಾರನೆಯ ದಿನ ಇನ್ನೊಮ್ಮೆ ನೋಡದೆ ಯಾರಿಗೂ ಕಳಿಸಬೇಡಿ. ಮುಂದಿನ ಮದುವೆ ಆಲ್ಬಮ್‌ಗೆ ಮುಂಗಡ ಕೊಡುವಾಗ, ಮಗಳ ಮೈಬಣ್ಣ ಇದ್ದ ಹಾಗೆಯೇ ಇರಲಿ ಎಂದು ಸ್ಟುಡಿಯೋದವರಿಗೆ ಬಾಯಿಬಿಟ್ಟು ಹೇಳಿ.