ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ: ಸಣ್ಣ ಸಂಸ್ಥೆಗಳ ಹಾಗೂ ಮನೆಗೆಲಸದ ಮಹಿಳೆಯರು ದೂರು ಸಲ್ಲಿಸುವ ವಿಧಾನ

ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಯತ್ನಿಸಿದ ಗ್ರಾಮಮಟ್ಟದ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಈ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶಾಖಾ ಪ್ರಕರಣದಲ್ಲಿ 1997ರ ಆಗಸ್ಟ್ 13ರಂದು ಮಾರ್ಗಸೂಚಿಗಳನ್ನು ನೀಡಿತು. ಆ ಕಾರ್ಯಕರ್ತೆಯ ಕೆಲಸದ ಸ್ಥಳವು ಕಚೇರಿಯಾಗಿರದೆ ಹಳ್ಳಿಯೇ ಆಗಿತ್ತೆಂಬುದು ಗಮನಾರ್ಹ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ (ತಡೆ, ನಿಷೇಧ ಮತ್ತು ಪರಿಹಾರ) ಅಧಿನಿಯಮ, 2013 ದಿನಾಂಕ 9-12-2013ರಿಂದ ಜಾರಿಯಲ್ಲಿದ್ದು, ಹೊಲ, ಅಂಗಡಿ, ಕಾರ್ಖಾನೆ, ಆಸ್ಪತ್ರೆ ಮಾತ್ರವಲ್ಲದೆ ವಾಸದ ಮನೆಗೂ ಅನ್ವಯಿಸುತ್ತದೆ.

ಅನಪೇಕ್ಷಿತ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು ಹಾಗೂ ಲೈಂಗಿಕ ಸ್ವರೂಪದ ಇತರ ಯಾವುದೇ ಅನಪೇಕ್ಷಿತ ವರ್ತನೆಯು ಕಿರುಕುಳವೆನಿಸುತ್ತದೆ. ಸನ್ನೆಯೂ ಇದರಲ್ಲಿ ಸೇರಿದೆ. "ತಮಾಷೆಗೆ ಅಂದದ್ದು" ಎಂಬ ಸಮಜಾಯಿಷಿಯಿಂದ ಅದರ ಸ್ವರೂಪ ಬದಲಾಗುವುದಿಲ್ಲ.

ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ನಿಯೋಜಕರು ಆಂತರಿಕ ಸಮಿತಿಯನ್ನು ರಚಿಸಬೇಕು. ತಪ್ಪಿದಲ್ಲಿ 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ನಾಲ್ಕು ಮಂದಿ ದುಡಿಯುವ ಹೊಲಿಗೆ ಅಂಗಡಿಯಲ್ಲಿ ಇಂತಹ ಸಮಿತಿ ಇರುವುದಿಲ್ಲ. ಆದ್ದರಿಂದ ಅಲ್ಲಿಯ ಮಹಿಳೆಯರಿಗೆ ಕಾನೂನಿನ ರಕ್ಷಣೆಯೇ ಇಲ್ಲವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ, ಮನೆಗೆಲಸದವರ ಪ್ರಕರಣಗಳಲ್ಲಿ ಹಾಗೂ ಸಂಸ್ಥೆ ಎಷ್ಟೇ ದೊಡ್ಡದಿದ್ದರೂ ಆರೋಪವು ಮಾಲೀಕನ ಮೇಲೆಯೇ ಇರುವಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಜಿಲ್ಲಾ ಕೇಂದ್ರಕ್ಕೆ ಹೋಗಲೇಬೇಕೆಂದಿಲ್ಲ. ತಾಲ್ಲೂಕು ಅಥವಾ ವಾರ್ಡ್ ಮಟ್ಟದ ನೋಡಲ್ ಅಧಿಕಾರಿಯು ದೂರನ್ನು ಸ್ವೀಕರಿಸಿ ಏಳು ದಿನಗಳೊಳಗೆ ಸ್ಥಳೀಯ ಸಮಿತಿಗೆ ಕಳುಹಿಸತಕ್ಕದ್ದು. ಮನೆಗೆಲಸದ ಮಹಿಳೆಯ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆಯೆಂದು ಕಂಡುಬಂದರೆ, ಸಮಿತಿಯೇ ಅದನ್ನು ಏಳು ದಿನಗಳೊಳಗೆ ಪೊಲೀಸರಿಗೆ ರವಾನಿಸಬೇಕು.

ಹೆಚ್ಚು ಎಚ್ಚರ ವಹಿಸಬೇಕಾದುದು ಕಾಲಮಿತಿಯ ಬಗ್ಗೆ. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ನೀಡಬೇಕು. ಕಿರುಕುಳ ಮರುಕಳಿಸಿದ್ದರೆ ಕೊನೆಯ ಘಟನೆಯಿಂದ ಈ ಅವಧಿಯನ್ನು ಎಣಿಸಲಾಗುವುದು. ವಿಳಂಬಕ್ಕೆ ಸೂಕ್ತ ಕಾರಣವಿದ್ದಲ್ಲಿ ಸಮಿತಿಯು ಅದನ್ನು ಲಿಖಿತವಾಗಿ ದಾಖಲಿಸಿ, ಇನ್ನೂ ಮೂರು ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು. ಕೆಲಸ ಹೋದೀತೆಂಬ ಭಯದಿಂದ ದಿನ ದೂಡುವವರೇ ಹೆಚ್ಚಾಗಿರುವುದರಿಂದ, ಪ್ರತಿ ಘಟನೆಯ ದಿನಾಂಕ, ಸ್ಥಳ, ಆಡಿದ ಮಾತು ಮತ್ತು ಆಗ ಹತ್ತಿರವಿದ್ದವರ ಹೆಸರನ್ನು ಬರೆದಿಟ್ಟುಕೊಳ್ಳುವುದು ಹಾಗೂ ಮೊಬೈಲ್ ಸಂದೇಶಗಳನ್ನು ಅಳಿಸದಿರುವುದು ಉಪಯುಕ್ತ. ದೂರಿನ ಆರು ಪ್ರತಿಗಳನ್ನು ದಾಖಲೆಗಳು ಮತ್ತು ಸಾಕ್ಷಿಗಳ ಹೆಸರು, ವಿಳಾಸಗಳೊಂದಿಗೆ ಸಲ್ಲಿಸಬೇಕಾಗುತ್ತದೆ. ಬರೆಯಲು ಬಾರದವರಿಗೆ ನೆರವಾಗುವುದು ಸಮಿತಿಯ ಕರ್ತವ್ಯವೇ ಹೊರತು ಉಪಕಾರವಲ್ಲ.

ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು. ಅಷ್ಟರವರೆಗೆ ಅದೇ ವ್ಯಕ್ತಿಯ ಎದುರಿನಲ್ಲಿ ದುಡಿಯುವುದು ಕಷ್ಟವಾದರೆ, ತನ್ನನ್ನಾಗಲಿ ಆತನನ್ನಾಗಲಿ ವರ್ಗಾಯಿಸುವಂತೆ, ಇಲ್ಲವೇ ತನಗೆ ಮೂರು ತಿಂಗಳವರೆಗೆ ರಜೆ ನೀಡುವಂತೆ ನೊಂದ ಮಹಿಳೆಯು ಲಿಖಿತವಾಗಿ ಕೋರಬಹುದು. ಈ ರಜೆಯನ್ನು ಆಕೆಗೆ ಸಲ್ಲಬೇಕಾದ ಇತರ ರಜೆಯಿಂದ ಕಳೆಯುವಂತಿಲ್ಲ. ಆಕೆ ಬಯಸಿದಲ್ಲಿ ಮಾತ್ರ ರಾಜಿಗೆ ಅವಕಾಶವಿದ್ದು, ಹಣ ನೀಡಿ ರಾಜಿ ಮಾಡಿಕೊಳ್ಳುವಂತಿಲ್ಲ. ಆಕೆಯ ಹೆಸರು, ವಿಳಾಸವನ್ನು ಬಹಿರಂಗಪಡಿಸುವುದು ನಿಷಿದ್ಧ.

ಸಾಕ್ಷ್ಯ ಸಾಲದಿದ್ದರೆ ತನ್ನ ಮೇಲೆಯೇ ಕ್ರಮ ಜರುಗೀತೆಂಬ ಅಂಜಿಕೆ ಅನೇಕರಲ್ಲಿದೆ. ಉದ್ದೇಶಪೂರ್ವಕವಾಗಿ ಸುಳ್ಳು ದೂರು ನೀಡಿದರೆ ಕ್ರಮಕ್ಕೆ ಅವಕಾಶವಿದೆಯಾದರೂ, ಆರೋಪವನ್ನು ರುಜುವಾತುಪಡಿಸಲು ಆಗಲಿಲ್ಲವೆಂಬ ಮಾತ್ರಕ್ಕೆ ದೂರುದಾರಳ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ.

ಕೇಂದ್ರ ಸರ್ಕಾರದ ಶೀ-ಬಾಕ್ಸ್ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು. ಸಮಿತಿಗೆ ದೂರು ನೀಡಿದವರು ಪೊಲೀಸ್ ಠಾಣೆಗೆ ಹೋಗಬಾರದೆಂಬ ನಿರ್ಬಂಧವಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಪ್ರಕರಣವು ಲೈಂಗಿಕ ಕಿರುಕುಳಕ್ಕೆ ಅನ್ವಯಿಸುತ್ತದೆ. ಮಹಿಳೆಯರು ಆದಾಯ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಪಡೆಯಲು ಅರ್ಹರಾಗಿರುತ್ತಾರೆ. ಮಹಿಳಾ ಸಹಾಯವಾಣಿ ಸಂಖ್ಯೆ: 181.